ಪಾದ್ರಿ ಮಾತ್ರ ನೆನಪಿದ್ದಾನಾ? (ಭಾಗ 3)

‘ಫ್ಲೀಬ್ಯಾಗ್’ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಉತ್ತರ: "ಅಯ್ಯೋ, ಆ ಪಾದ್ರಿ!" ಆಂಡ್ರ್ಯೂ ಸ್ಕಾಟ್ ಚೆನ್ನಾಗಿದ್ದಾನೆ, ಒಪ್ಪಿದೆ. ಆದ್ರೆ ಅವನು ಬರೋದು 2019ರ ಎರಡನೇ ಸೀಸನ್‌ನಲ್ಲಿ. 2016ರ ಮೊದಲ ಆರು ಎಪಿಸೋಡ್ ಎಲ್ಲಿ ಹೋಯ್ತು? (ಸ್ಪಾಯ್ಲರ್ ಇದೆ. ನೋಡದವರು ಸೇವ್ ಮಾಡ್ಕೊಂಡು ಮುಂದೆ ಹೋಗಿ.)

ಅಲ್ಲಿ ಬೂ ಇದ್ದಳು. ಜೊತೆಗೆ ಕೆಫೆ ಶುರು ಮಾಡಿದ ಜೀವದ ಗೆಳತಿ. ಬಾಯ್‌ಫ್ರೆಂಡ್ ಬೇರೆಯವಳ ಜೊತೆ ಮಲಗಿದ ಅಂತ ಗೊತ್ತಾಗಿ, ಸ್ವಲ್ಪ ಗಾಯ ಮಾಡ್ಕೊಂಡು ಅವನನ್ನ ಹೆದರಿಸೋಣ ಅಂತ ಹೊರಟವಳು ಸತ್ತೇ ಹೋದಳು. ಆ ‘ಬೇರೆಯವಳು’ ಯಾರು ಅಂತ ತಿಳಿಯೋದು ಆರನೇ ಎಪಿಸೋಡ್‌ನಲ್ಲಿ. ಅಲ್ಲೀವರೆಗೂ ಅವಳು ಕ್ಯಾಮೆರಾ ಕಡೆ ತಿರುಗಿ ಜೋಕ್ ಹೊಡೆದಾಗೆಲ್ಲ ನಾವು ನಗ್ತಾನೇ ಇರ್ತೀವಿ.

ಆಮೇಲೆ ಎರಡು ಗುಂಪು. "ಛೀ, ಎಂಥ ಹೆಂಗಸು" ಅನ್ನೋರು. "ಇದು ನಾನೇ ಕಣ್ರೇ" ಅಂತ ಸ್ಟೋರಿ ಹಾಕೋರು. ನನಗೆ ಎರಡನೇ ಗುಂಪಿನ ಮೇಲೇ ಅನುಮಾನ ಜಾಸ್ತಿ. ‘ನಾನೇ’ ಅನ್ನೋದು ಅವಳ ಲಿಪ್‌ಸ್ಟಿಕ್‌ಗೆ, ಅವಳ ಒರಟು ಮಾತಿಗೆ. ಗೆಳತಿಗೆ ಮಾಡಿದ ದ್ರೋಹಕ್ಕೆ ಯಾರೂ ‘ನಾನೇ’ ಅನ್ನಲ್ಲ. ಬೈಯೋರಾದ್ರೂ ಅದನ್ನ ನೋಡಿದ್ದಾರೆ!

ಪಾದ್ರಿ ಇಷ್ಟವಾಗೋದಕ್ಕೂ ಇದೇ ಕಾರಣ ಇರಬೇಕು. ಅವಳು ನಮ್ಮ ಕಡೆ ತಿರುಗೋದನ್ನ ಗಮನಿಸಿ, ಈಗ ಎಲ್ಲಿ ಹೋಗಿದ್ದೆ ಅಂತ ಕೇಳೋನು ಅವನೊಬ್ಬನೇ. ಬೂ ಗೊತ್ತಿಲ್ಲದೆ ಆ ಪ್ರಶ್ನೆ ಅರ್ಥವಾಗಲ್ಲ.

ಮೊದಲಿಂದ ನೋಡಿ. ಹನ್ನೆರಡೇ ಎಪಿಸೋಡ್, ಒಂದು ವೀಕೆಂಡ್ ಸಾಕು.