ಮೂಗಿನ ಸಾಕ್ಷ್ಯ

ಅಡಿಗೆಮನೆಯಲ್ಲಿ ಅನಿಲದ ವಾಸನೆ ಕೊಂಚ ಸುಳಿದರೂ ಸಾಕು, ಮನೆಯಲ್ಲಿ ಎಂಥ ಗಡಿಬಿಡಿ ಏಳುತ್ತದೆಂಬುದನ್ನು ವಾಚಕರು ಬಲ್ಲರು. ಒಬ್ಬರು ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಲು ಓಡುತ್ತಾರೆ. ಇನ್ನೊಬ್ಬರು ಕಿಟಕಿ ತೆರೆಯುತ್ತಾರೆ. ಮೂರನೆಯವರು "ಯಾರೂ ಸ್ವಿಚ್ಚು ಮುಟ್ಟಬೇಡಿ" ಎಂದು ಕೂಗುತ್ತಾರೆ. ಅದೇ ಮನೆಯ ಪೋರ್ಟಿಕೋದಲ್ಲಿ ನಿಂತ ಹಳೆಯ ಪುಟ್ಟ ಕಾರಿನಿಂದ ಪೆಟ್ರೋಲಿನ ವಾಸನೆ ವಾರಗಟ್ಟಲೆ ಬರುತ್ತಿದ್ದರೂ ಯಾರೊಬ್ಬರೂ ಓಡುವುದಿಲ್ಲ. "ಹಳೆಯ ಗಾಡಿಯಲ್ಲವೇ, ಅಷ್ಟು ವಾಸನೆ ಇದ್ದದ್ದೇ" ಎಂಬ ಸಮಾಧಾನದ ಮಾತೊಂದು ಎಲ್ಲರ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಅಡಿಗೆಯ ಅನಿಲಕ್ಕೆ ಹೇಳಿಕೊಳ್ಳುವಂಥ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ದುರ್ವಾಸನೆಯ ದ್ರವ್ಯವನ್ನು ಬೇಕೆಂದೇ ಬೆರೆಸುತ್ತಾರೆ. ಪೆಟ್ರೋಲಿಗೆ ಆ ಉಪಕಾರ ಬೇಕಿಲ್ಲ. ಅದು ತನ್ನ ಇರವನ್ನು ತಾನೇ ಸಾರಿಕೊಳ್ಳುತ್ತದೆ. ಕೇಳುವವರಿರಬೇಕು, ಅಷ್ಟೆ.

ಕೇಳದವರ ಪೈಕಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಕಾರಿಗೆ ಇಪ್ಪತ್ತು ವರ್ಷ ದಾಟಿತ್ತು. ಒಂದು ಭಾನುವಾರ ಕುಟುಂಬ ಸಮೇತರಾಗಿ ತುಮಕೂರಿನ ಕಡೆಗೆ ಹೊರಟಿದ್ದೆವು. ನೆಲಮಂಗಲ ದಾಟುವ ಮೊದಲೇ ಹಿಂದಿನ ಸೀಟಿನಿಂದ ತಾಯಿಯವರು, "ಏನೋ ಇದು, ಸೀಮೆಎಣ್ಣೆ ಅಂಗಡಿಯಲ್ಲಿ ಕೂತ ಹಾಗಿದೆಯಲ್ಲ!" ಎಂದರು. ನನಗೆ ಯಾವ ವಾಸನೆಯೂ ಬರಲಿಲ್ಲ. "ಈಗ ತಾನೆ ಬಂಕಿನಲ್ಲಿ ತುಂಬಿಸಿಕೊಂಡು ಬಂದೆವಲ್ಲಮ್ಮ, ಅದರದೇ ಇರಬೇಕು" ಎಂದು ತಿಳಿಯಹೇಳಿದೆ. ಅವರಿಗೆ ತಲೆನೋವು ಬಂದಿತು. ಪಿತ್ತವೆಂದು ನಿರ್ಧರಿಸಿ, ಮೂಸಿ ನೋಡಲು ಒಂದು ನಿಂಬೆಹಣ್ಣು ಕೊಟ್ಟೆವು. ಮೂರು ದಿನ ಕಳೆಯುವಷ್ಟರಲ್ಲಿ ವಾಸನೆ ತಾನಾಗಿ ಹೋಯಿತು. ಮುಂದಿನ ಸಲ ಟ್ಯಾಂಕು ತುಂಬಿಸಿದಾಗ ಮತ್ತೆ ಬಂದಿತು. ರಿಪೇರಿಯವನು ಬಾನೆಟ್ ಎತ್ತಿ ನೋಡಿ, ಎಲ್ಲವೂ ಸರಿಯಾಗಿದೆಯೆಂದ. ನಾನು ಅಂಗಡಿಯಿಂದ ಮಲ್ಲಿಗೆಯ ಸುಗಂಧದ ಪುಟ್ಟ ಶೀಶೆಯೊಂದನ್ನು ತಂದು ಕನ್ನಡಿಯ ಕೆಳಗೆ ತೂಗುಹಾಕಿದೆ. ಸಾಕ್ಷಿ ಹೇಳಲು ಬಂದವನ ಬಾಯಿಗೆ ಬಟ್ಟೆ ತುರುಕಿದಂತಾಯಿತು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ನೀರಿನ ಸಂಪು ಇರುವುದು ಕಾರು ನಿಲ್ಲುವ ಜಾಗದ ಕೆಳಗೆ. ಮೋಟಾರೂ ಅದರ ಸ್ವಿಚ್ಚೂ ಪಕ್ಕದ ಗೋಡೆಯ ಗೂಡಿನಲ್ಲಿವೆ. ಒಂದು ನಸುಕಿನಲ್ಲಿ ನನ್ನ ಶ್ರೀಮತಿ ಮೋಟಾರು ಹಾಕಲು ಹೋದರು. ಹಿಂದಿನ ಸಂಜೆ, ಊರಿಗೆ ಹೊರಡುವವರಿದ್ದುದರಿಂದ, ನಾನು ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿಕೊಂಡು ಬಂದಿದ್ದೆ. ಸ್ವಿಚ್ಚಿಗೆ ಚಾಚಿದ ಕೈಯನ್ನು ಅವರು ಹಾಗೆಯೇ ಹಿಂದೆಗೆದು, ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, "ಸ್ವಲ್ಪ ಇಲ್ಲಿ ಬನ್ನಿ. ದೀಪ ಮಾತ್ರ ಹಾಕಬೇಡಿ" ಎಂದರು.

ಹಿಂದಿನ ಚಕ್ರದ ಬಳಿ ಊಟದ ತಟ್ಟೆಯಷ್ಟು ಅಗಲ ನೆಲ ಒದ್ದೆಯಾಗಿತ್ತು. ಅಲ್ಲಿಂದ ಒಂದು ಸಣ್ಣ ಗೆರೆ ಸಂಪಿನ ಮುಚ್ಚಳದ ಅಂಚಿನವರೆಗೆ ಹರಿದಿತ್ತು. ಗೇಟು ತೆರೆದು, ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಿ, ಕಾರನ್ನು ಸ್ಟಾರ್ಟು ಮಾಡದೆ ಬಯಲಿಗೆ ತಳ್ಳಿದೆವು. ಮುಚ್ಚಳ ತೆಗೆದರೆ ಸಂಪಿನೊಳಗಿನಿಂದಲೂ ಅದೇ ವಾಸನೆ! ಅಂದು ಹಗಲೆಲ್ಲ ಮೋಟಾರಿನ ಮಾತೆತ್ತಲಿಲ್ಲ. ಆಮೇಲೆ ಆಳುಗಳಿಂದ ಬಕೆಟ್ಟಿನಲ್ಲಿ ಎತ್ತಿಸಿ ಚೆಲ್ಲಿದ ಕಾವೇರಿ ನೀರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಆ ಸ್ವಿಚ್ಚಿನ ಕಿಡಿಯಿಂದ ಉರಿಯಬಹುದಾಗಿದ್ದುದು ಅದಕ್ಕಿಂತ ದೊಡ್ಡದು.

ಆ ಭಯ ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಪೆಟ್ರೋಲಿನ ಗುಣಗಳೇ ಆಧಾರ. ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿಯನ್ನು ಬಿಡುತ್ತದೆಂದ ಮೇಲೆ ನಮ್ಮೂರಿನ ಹವೆಯನ್ನು ಕೇಳುವುದೇನು? ಗಾಳಿಯಲ್ಲಿ ಈ ಆವಿ ಸುಮಾರು ಶೇಕಡಾ ೧.೪ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದೊಡನೆ ಹೊತ್ತುತ್ತದೆ, ಶೇಕಡಾ ೭.೬ರ ಸುಮಾರಿಗೆ ಮೀರಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಆವಿಯಾದರೆ ಹತ್ತು ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಇಂಥ ಅಪಾಯದ ಮಿಶ್ರಣವನ್ನಾಗಿ ಮಾಡಬಲ್ಲುದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ, ನೀರಿನಂತೆ ನೆಲದ ಮೇಲೆ ಹರಿದು, ತಗ್ಗು ಸಿಕ್ಕಲ್ಲಿ ಇಳಿದು ಕೂರುತ್ತದೆ. ಸಂಪು, ಚರಂಡಿ, ನೆಲಮಾಳಿಗೆಯ ಕಾರುಶಾಲೆ, ಇವೆಲ್ಲ ಅದಕ್ಕೆ ಪ್ರಿಯವಾದ ತಾಣಗಳು.

ಹನಿಯನ್ನು ಹಗುರವಾಗಿ ಎಣಿಸಬಾರದು. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೂ ದಿನವೊಂದಕ್ಕೆ ಒಂದೂವರೆ ಲೀಟರು ಮೀರುತ್ತದೆ. ಹಣದ ನಷ್ಟ ಹಾಗಿರಲಿ. ಪೆಟ್ರೋಲಿನಲ್ಲಿ ಬೆನ್ಜೀನ್ ಎಂಬುದೊಂದು ಅಂಶವಿದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಸಿದ್ಧಪಟ್ಟಿರುವುದರಿಂದಲೇ ನಮ್ಮ ದೇಶದ ಪೆಟ್ರೋಲಿನಲ್ಲಿ ಅದು ಶೇಕಡಾ ೧ನ್ನು ಮೀರಬಾರದೆಂಬ ನಿಯಮವಿದೆ. ಮುಚ್ಚಿದ ಕಾರಿನಲ್ಲಿ ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ದಿನವೂ ಉಸಿರಾಡತಕ್ಕ ವಸ್ತು ಅದಲ್ಲ.

ಹಾಗಾದರೆ ತಾಯಿಯವರಿಗೆ ತಿಳಿದುದು ನನಗೇಕೆ ತಿಳಿಯಲಿಲ್ಲ? ಮೂಗಿಗೆ ಒಂದು ದೌರ್ಬಲ್ಯವುಂಟು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಅದು ಆ ವಾಸನೆಯನ್ನು ವರದಿ ಮಾಡುವುದನ್ನೇ ಬಿಟ್ಟುಬಿಡುತ್ತದೆ. ದಿನನಿತ್ಯ ಕಾರು ನಡೆಸುವವನಿಗಿಂತ ಎಂದಾದರೊಮ್ಮೆ ಹತ್ತುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕು.

ಹಳೆಯ ಪುಟ್ಟ ಕಾರುಗಳೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಮಾರುತಿ ೮೦೦. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಗಾಡಿ, ೨೦೧೪ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಂಸಾರಗಳ ಬಾಗಿಲಿಗೆ ಬಂದಿತು. ಅದರ ಹಳೆಯ ಮಾದರಿಗಳಲ್ಲಿ ಕಾರ್ಬುರೇಟರ್ ಇತ್ತು. ೨೦೦೦ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಾಗ ಇಂಜೆಕ್ಷನ್ ಪದ್ಧತಿ ಬಂದಿತು. ಈ ಭೇದವನ್ನು ಗೃಹಸ್ಥರು ತಿಳಿದಿರುವುದು ಲೇಸು. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲು ಕಡಮೆ ಒತ್ತಡದಲ್ಲಿ ಹರಿಯುತ್ತದೆ, ಸೋರಿದರೆ ಒಸರುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಒತ್ತಡ ಅದರ ಸುಮಾರು ಹತ್ತು ಪಟ್ಟು; ಕೊಳವೆ ಬಿರಿದರೆ ಬಿಸಿ ಎಂಜಿನ್ನಿನ ಮೇಲೆ ಪಿಚಕಾರಿಯಂತೆ ಚಿಮ್ಮುತ್ತದೆ.

ಲೋಹಕ್ಕಿಂತ ಮೊದಲು ಮುಪ್ಪಾಗುವುದು ರಬ್ಬರು. ಬಾನೆಟ್ಟಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಕೊಳವೆ ಮೆದುತನ ಕಳೆದುಕೊಂಡು, ಕ್ಲಿಪ್ಪಿನ ಅಂಚಿನಲ್ಲಿ ಒಣಗಿದ ಕೆರೆಯ ಮಣ್ಣಿನಂತೆ ಸೀಳು ಬಿಡುತ್ತದೆ. ಇದರ ಜೊತೆಗೆ ಈಚಿನ ಇನ್ನೊಂದು ಕಾರಣ ಸೇರಿದೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಪ್ರಮಾಣ ೨೦೨೨ರಲ್ಲಿ ಶೇಕಡಾ ೧೦ಕ್ಕೆ ಮುಟ್ಟಿತು. ಶೇಕಡಾ ೨೦ರ ಮಿಶ್ರಣಕ್ಕೆ ೨೦೨೩ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿಯೇ. ೨೦೨೫ರ ವೇಳೆಗೆ ಅದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಎಥನಾಲ್ ನೀರನ್ನು ಹೀರುತ್ತದೆ. ಅದಕ್ಕೆಂದು ತಯಾರಿಸದ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಸಡಿಲಿಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ೨೦ರಿಂದ ೩೦ ಸಾವಿರ ಕಿಲೋಮೀಟರ್ ಓಟದ ತರುವಾಯ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಾಯಿಸಬೇಕಾಗಬಹುದೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ ೨೦೨೫ರ ಆಗಸ್ಟಿನಲ್ಲಿ ತಿಳಿಸಿತು. ಹೊಸ ಕಾರಿನವರು ಇದರಿಂದ ಗಾಬರಿಯಾಗಬೇಕಿಲ್ಲ. ಮುದಿ ಕಾರಿನವರು ಮರೆಯಬಾರದು.

ವಾಸನೆ ಬರುತ್ತದೆಯೆಂದಷ್ಟೇ ಹೇಳಿದರೆ ರಿಪೇರಿಯವನಿಗೆ ಅರ್ಧ ವಿಷಯ ತಿಳಿಸಿದಂತೆ. ಯಾವಾಗ ಬರುತ್ತದೆಂಬುದು ಉಳಿದರ್ಧ. ವೈದ್ಯರು ಜ್ವರದ ಹೊತ್ತನ್ನು ಕೇಳುವಂತೆಯೇ ಇದು.

ಟ್ಯಾಂಕು ತುಂಬಿದಾಗ ಮಾತ್ರ ಬಂದು, ಪೆಟ್ರೋಲು ಇಳಿದಂತೆ ಹೋಗುವ ವಾಸನೆಯಾದರೆ ದೋಷ ಟ್ಯಾಂಕಿನ ಮೇಲ್ಭಾಗದಲ್ಲಿರುತ್ತದೆ: ಮುಚ್ಚಳದ ರಬ್ಬರು, ತುಂಬುವ ಕತ್ತಿಗೂ ಟ್ಯಾಂಕಿಗೂ ನಡುವಣ ದಪ್ಪ ಕೊಳವೆ, ಇಲ್ಲವೆ ಪೆಟ್ರೋಲಿನ ಮಟ್ಟ ತೋರಿಸುವ ಉಪಕರಣದ ಗ್ಯಾಸ್ಕೆಟ್ಟು. ನಮ್ಮ ಕಾರಿನಲ್ಲಿ ಸೀಳಿದ್ದುದು ಆ ದಪ್ಪ ಕೊಳವೆಯೇ. ಬಾನೆಟ್ಟಿನಡಿಯಲ್ಲಿ ಹುಡುಕಿದರೆ ಅದು ಸಿಕ್ಕುವುದಾದರೂ ಹೇಗೆ? ಕತ್ತಿನವರೆಗೆ ತುಂಬಿಸುವ ಚಪಲವೂ ಇಲ್ಲಿ ಅಪರಾಧಿಯೇ. ನೆಲದಡಿಯ ತಂಪಿನಿಂದ ಬಂದ ಪೆಟ್ರೋಲು ಬಿಸಿಲಲ್ಲಿ ಹಿಗ್ಗುತ್ತದೆ. ಮೂವತ್ತು ಲೀಟರು ಹದಿನೈದು ಡಿಗ್ರಿ ಕಾವೇರಿದರೆ ನಾನೂರು ಮಿಲಿಲೀಟರಿಗೂ ಮಿಕ್ಕಿ ಬೆಳೆಯುತ್ತದೆ. ಪಂಪು ತಾನಾಗಿ ನಿಂತೊಡನೆ ಸಾಕೆನ್ನುವುದು ಜಾಣತನ.

ಓಡಿ ನಿಂತ ಬಿಸಿ ಗಾಡಿಯಿಂದ ವಾಸನೆ ಬಂದರೆ ಕಾರ್ಬುರೇಟರಿನ ಕಡೆ ನೋಡಬೇಕು. ಅದರ ತೇಲುಗುಂಡಿನ ಸೂಜಿ ಸವೆದು ಪೆಟ್ರೋಲು ಉಕ್ಕುತ್ತಿರಬಹುದು. ಗಾಳಿಯ ಬ್ಲೋವರ್ ಹಾಕಿದಾಗ ಹೆಚ್ಚಾದರೆ ಮೂಲ ಎಂಜಿನ್ನಿನ ಬಳಿಯಲ್ಲಿದೆ. ಕಿಟಕಿ ತೆರೆದು ಓಡಿಸುವಾಗ ಮಾತ್ರ ಬಂದರೆ ಡಿಕ್ಕಿಯ ಬಾಗಿಲ ರಬ್ಬರು ಸವೆದು ಹಿಂದಿನ ಹೊಗೆ ಒಳಗೆ ಬರುತ್ತಿರಬಹುದು. ಇಂಜೆಕ್ಷನ್ ಗಾಡಿಗಳಲ್ಲಿ ಇಂಜೆಕ್ಟರಿನ ರಬ್ಬರ್ ಉಂಗುರಗಳನ್ನೂ, ಆವಿಯನ್ನು ಹೀರಿಕೊಳ್ಳುವ ಇದ್ದಿಲ ಡಬ್ಬಿಯನ್ನೂ ಮರೆಯದೆ ನೋಡಿಸಬೇಕು. ಎಲ್ಲಿಯೂ ಒದ್ದೆ ಕಾಣಲಿಲ್ಲವೆಂದು ನಂಬಿ ಕೂರಬಾರದು. ಬಿಸಿ ಲೋಹದ ಮೇಲೆ ಬಿದ್ದ ಪೆಟ್ರೋಲು ಕ್ಷಣದಲ್ಲಿ ಆರಿ, ಒಂದು ಮಾಸಲು ಕಲೆಯನ್ನಷ್ಟೇ ಉಳಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಯೋಗ್ಯವಾದ ಹೊತ್ತು ಬೆಳಗಿನ ಜಾವ. ಎಂಜಿನ್ ತಣ್ಣಗಿರಬೇಕು, ಜಾಗ ಬಯಲಾಗಿರಬೇಕು, ಕೈಯಲ್ಲಿ ಟಾರ್ಚಿರಬೇಕು. ಬೆಂಕಿಕಡ್ಡಿ ಗೀರಿ ಬಗ್ಗಿ ನೋಡಿದ ಶೂರರ ಕಥೆಗಳು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮುಗಿಯುತ್ತವೆ.

ಇನ್ನು ರಿಪೇರಿಯ ವಿಚಾರ. ಟ್ಯಾಂಕಿನ ತೂತಿಗೆ ಸ್ನಾನದ ಸಾಬೂನು ಮೆತ್ತುವುದು ಹಳೆಯ ಡ್ರೈವರುಗಳ ಉಪಾಯ. ಕಾಡಿನ ನಡುವೆ ಗಾಡಿ ನಿಂತಾಗ ಅದು ಆಪದ್ಬಂಧು. ಊರು ಸೇರಿದ ಮೇಲೂ ಅದನ್ನೇ ನೆಚ್ಚಿಕೊಂಡರೆ ಶತ್ರು. ನೀರಿನ ಕೊಳವೆಯನ್ನು ಕತ್ತರಿಸಿ ಸಿಕ್ಕಿಸುವುದಂತೂ ಸಲ್ಲದು. ಪೆಟ್ರೋಲು ಅದನ್ನು ಕೆಲವು ದಿನಗಳಲ್ಲಿಯೇ ಕೆಡಿಸುತ್ತದೆ. ಪೆಟ್ರೋಲಿಗೆಂದೇ ತಯಾರಿಸಿದ ಕೊಳವೆಯನ್ನು, ಇಂಜೆಕ್ಷನ್ ಗಾಡಿಯಾದರೆ ಹೆಚ್ಚಿನ ಒತ್ತಡ ತಾಳುವ ಕೊಳವೆಯನ್ನು, ಕೇಳಿ ಹಾಕಿಸಬೇಕು. ಹಳೆಯ ಕ್ಲಿಪ್ಪುಗಳನ್ನೂ ಜೊತೆಗೇ ಬದಲಾಯಿಸಬೇಕು. ಟ್ಯಾಂಕನ್ನು ಬೆಸೆಯಿಸಲು ಕೊಡುವವರು ಒಂದು ಮಾತನ್ನು ನೆನಪಿಡಬೇಕು: ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಭಯಂಕರ. ಬರಿದೆಂದು ಕಾಣುವುದರಲ್ಲಿ ತುಂಬಿರುವುದು ಆವಿ ಮತ್ತು ಗಾಳಿ. ಅದನ್ನು ಚೆನ್ನಾಗಿ ತೊಳೆದು ಆವಿ ಕಳೆಯದೆ ಬೆಂಕಿ ಹಿಡಿಯುವವನ ಅಂಗಡಿಗೆ ಕಾಲಿಡಬಾರದು.

ದಾರಿಯಲ್ಲಿ ವಾಸನೆ ಬಲವಾದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ದೂರ ಇಳಿಸಬೇಕು. ಮತ್ತೆ ಚಾವಿ ತಿರುಗಿಸಿ ಪರೀಕ್ಷಿಸಬಾರದು. ಬಾನೆಟ್ಟಿನಡಿಯಲ್ಲಿ ಬೆಂಕಿ ಕಂಡರೆ ಅದನ್ನು ಪೂರ್ತಿಯಾಗಿ ಎತ್ತಬಾರದು, ಒಳನುಗ್ಗುವ ಗಾಳಿ ಜ್ವಾಲೆಯನ್ನು ಎಬ್ಬಿಸುತ್ತದೆ. ನೀರನ್ನೂ ಎರಚಬಾರದು, ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಪುಡಿಯ ಚಿಕ್ಕ ಅಗ್ನಿಶಾಮಕವೊಂದು ಕೈಗೆಟಕುವಲ್ಲಿರಲಿ. ಬೆಂಕಿ ಅದರ ಅಳವಿಗೆ ಮೀರಿತೆಂದರೆ ಕಾರನ್ನು ಬಿಟ್ಟು ದೂರ ಸರಿದು ೧೦೧ ಅಥವಾ ೧೧೨ಕ್ಕೆ ಕರೆ ಮಾಡಬೇಕು. ಕಾರನ್ನು ಮತ್ತೊಂದು ಕೊಳ್ಳಬಹುದು.

ನಮ್ಮ ಮುದಿ ಕಾರಿಗೆ ಹೊಸ ಕೊಳವೆಗಳು ಬಂದಿವೆ. ಖರ್ಚಾದುದು ಸಂಪು ತೊಳೆಸಿದ ಕೂಲಿಗಿಂತ ಕಡಮೆ. ಸುಗಂಧದ ಶೀಶೆಯನ್ನು ಮಗಳು ತನ್ನ ಪುಸ್ತಕದ ಬೀರುವಿನಲ್ಲಿಟ್ಟುಕೊಂಡಿದ್ದಾಳೆ. ತಾಯಿಯವರು ಕಾರು ಹತ್ತಿದೊಡನೆ ಈಗ ಒಮ್ಮೆ ದೀರ್ಘವಾಗಿ ಉಸಿರೆಳೆದು ನೋಡುತ್ತಾರೆ. ಅವರು "ಹೂಂ, ಹೊರಡು" ಎಂದ ಮೇಲೆಯೇ ನಾನು ಚಾವಿ ತಿರುಗಿಸುವುದು.