ಮಾರ್ಚ್ ತಿಂಗಳ ನೆಂಟರು

ಮಾರ್ಚ್ ಬಂತೆಂದರೆ ನಿಮಗೊಂದು ಫೋನ್ ಬರುತ್ತದೆ. ‘ಸರ್, ಮೂವತ್ತೊಂದರೊಳಗೆ ಕೊಟ್ರೆ 80ಜಿ ಸಿಗತ್ತೆ.’ ಮೀಟಿಂಗಲ್ಲಿದೀನಿ ಅಂತ ನೀವು ಕಟ್ ಮಾಡುತ್ತೀರಿ. ಆ ಫೋನ್ ಮಾಡುತ್ತಿದ್ದವನು ನಾನೇ. ಬೆಂಗಳೂರಿನ ಒಂದು ಎನ್‌ಜಿಒದಲ್ಲಿ ಆರು ವರ್ಷ ದೇಣಿಗೆ ಎತ್ತುವ ಕೆಲಸ ಮಾಡಿದ್ದೇನೆ. ಹಾಗಾಗಿ ಕೆಳಗಿನ ಬೈಗುಳದಲ್ಲಿ ಮೊದಲ ಪಾಲು ನನ್ನದೇ.

ನಮ್ಮ ಕಸುಬಿನಲ್ಲಿ ‘ಡೋನರ್ ರಿಲೇಶನ್‌ಶಿಪ್’ ಅಂತ ಒಂದು ಮಾತಿದೆ. ಅದಕ್ಕೆ ಟ್ರೈನಿಂಗ್ ಇದೆ, ಸಾಫ್ಟ್‌ವೇರ್ ಇದೆ. ಹುಟ್ಟುಹಬ್ಬಕ್ಕೊಂದು ಮೆಸೇಜು, ದೀಪಾವಳಿಗೊಂದು ಕಾರ್ಡು, ನಿಮ್ಮ ಹೆಸರು ತುಂಬಿಸಿದ ಥ್ಯಾಂಕ್ಯೂ ಮೇಲು. ಇದನ್ನೇ ಸಂಬಂಧ ಅನ್ನುವುದಾದರೆ ನನಗೂ ನನ್ನ ಕ್ರೆಡಿಟ್ ಕಾರ್ಡ್ ಕಂಪನಿಗೂ ಏಳೇಳು ಜನ್ಮದ ನಂಟಿದೆ! ಇನ್ನು ತೆರಿಗೆಯ ಆಸೆ ತೋರಿಸಿ ಬೆಳೆಸಿದ ನೆಂಟಸ್ತಿಕೆ ಎಷ್ಟು ದಿನ ಬಾಳೀತು? ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿಯೇ ಇಲ್ಲ. ನಿಮ್ಮಲ್ಲಿ ಎಷ್ಟೋ ಜನ ಆಗಲೇ ಆ ಕಡೆ ಹೋಗಿಯಾಗಿದೆ.

ನನಗೆ ಬುದ್ಧಿ ಬಂದಿದ್ದು 2021ರ ಅಕ್ಟೋಬರಿನಲ್ಲಿ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗೇ ದುಡ್ಡು ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಆ ತಿಂಗಳ ಒಂದನೇ ತಾರೀಖು ಜಾರಿಗೆ ಬಂತು. ಗ್ರಾಹಕ ಮತ್ತೆ ಒಪ್ಪಿಗೆ ಕೊಡದಿದ್ದರೆ ಹಳೆಯ ಕಡಿತಗಳು ನಿಲ್ಲುತ್ತಿದ್ದವು. ನಮ್ಮ ತಿಂಗಳ ದಾನಿಗಳ ಪಟ್ಟಿ ದಿಢೀರನೆ ಬರಿದಾಯಿತು. ಒಬ್ಬೊಬ್ಬರಿಗೂ ಫೋನ್ ಮಾಡದೆ ಬೇರೆ ದಾರಿಯಿರಲಿಲ್ಲ.

ಪಟ್ಟಿಯಲ್ಲಿ ಹಾಸನದ ಕಡೆಯ ಒಬ್ಬ ನಿವೃತ್ತ ಟೀಚರ್ ಇದ್ದರು. ಪೆನ್ಷನ್ನಿನಲ್ಲಿ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. ನಾನು ಬ್ಯಾಂಕಿನ ಕತೆ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

‘ಅದಿರ್ಲಪ್ಪಾ. ನಿಮ್ಮ ಪುಸ್ತಕದ ಮೇಲೆ ಎರಡು ಜಡೆ ಹಾಕ್ಕೊಂಡು ನಗ್ತಾ ಇದ್ಳಲ್ಲ, ಆ ಹುಡುಗಿ ಹೈಸ್ಕೂಲಿಗೆ ಸೇರಿದ್ಳಾ? ಎರಡು ಸಲ ಮೇಲ್ ಹಾಕಿದ್ದೆ.’

ಕಂಪ್ಯೂಟರಿನಲ್ಲಿ ಹುಡುಕಿದೆ. ಎರಡೂ ಮೇಲುಗಳಿಗೆ ನಮ್ಮ ಯಂತ್ರ ಉತ್ತರ ಕೊಟ್ಟಿತ್ತು: ‘ನಿಮ್ಮ ಅಮೂಲ್ಯ ಸಂದೇಶಕ್ಕೆ ಧನ್ಯವಾದಗಳು.’

ಆ ಹುಡುಗಿಯ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. 2020ರ ಲಾಕ್‌ಡೌನಿನಲ್ಲಿ ಕೆಲಸ ಹೋಯಿತು, ಊರಿಗೆ ಮರಳಿದರು. ಹುಡುಗಿ ನಮ್ಮ ಕೇಂದ್ರಕ್ಕೆ ಮತ್ತೆ ಬರಲಿಲ್ಲ. ನಮ್ಮ ಬ್ರೋಷರಿನ ಮೇಲೆ ಮಾತ್ರ ಇನ್ನೂ ನಗುತ್ತಿದ್ದಳು. ಫೋಟೋ ಚೆನ್ನಾಗಿತ್ತು ನೋಡಿ.

ಸುಳ್ಳು ಹೇಳುವುದು ಸುಲಭವಿತ್ತು. ಯಾಕೋ ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: ‘ಹುಡುಕಿದ್ರಾ?’

ಹುಡುಕಿರಲಿಲ್ಲ.

‘ಹುಡುಕಿ ಆಮೇಲೆ ಫೋನ್ ಮಾಡಪ್ಪ’ ಅಂದು ಇಟ್ಟರು.

ಆ ವಾರ ನಾವು ಕೇಂದ್ರ ಬಿಟ್ಟ ಮಕ್ಕಳ ಪಟ್ಟಿ ಮಾಡಿ, ಹಳೆಯ ನಂಬರುಗಳಿಗೆಲ್ಲ ಫೋನ್ ಹಚ್ಚಿದೆವು. ಕೆಲವರು ಸಿಕ್ಕರು, ಹೆಚ್ಚಿನವರು ಸಿಗಲಿಲ್ಲ. ಎರಡು ಜಡೆಯ ಹುಡುಗಿ ಇವತ್ತಿಗೂ ಸಿಕ್ಕಿಲ್ಲ. ಇದಿಷ್ಟನ್ನೂ ಟೀಚರಿಗೆ ಹೇಳಿದೆ. ಅವರು ಮತ್ತೆ 500 ರೂಪಾಯಿ ಶುರು ಮಾಡಿದರು. ಬ್ರೋಷರಿನಿಂದ ಆ ಫೋಟೋ ತೆಗೆಸಲು ನಾನು ಆಫೀಸಿನಲ್ಲಿ ಎರಡು ತಿಂಗಳು ಜಗಳವಾಡಬೇಕಾಯಿತು. ‘ಸೋತ ಕತೆ ಹೇಳಿದರೆ ಯಾರು ಕೊಡ್ತಾರೆ?’ ಅನ್ನುವುದು ಅಲ್ಲಿನ ವಾದ.

ಕೊಡುತ್ತಾರೆ ಸ್ವಾಮಿ. ನಮ್ಮೂರ ಜಾತ್ರೆಗೆ ಪಟ್ಟಿ ಎತ್ತುವವರಿಗೆ ಯಾವ ಟ್ರೈನಿಂಗೂ ಇಲ್ಲ. ಜಾತ್ರೆ ಮುಗಿದ ಮೇಲೆ ಗುಡಿ ಕಟ್ಟೆಯಲ್ಲಿ ಲೆಕ್ಕ ಓದುತ್ತಾರೆ. ‘ಶಾಮಿಯಾನಕ್ಕೆ ಇಷ್ಟೊಂದು ಯಾಕಾಯ್ತು?’ ಅಂತ ನೂರು ರೂಪಾಯಿ ಕೊಟ್ಟವನೂ ಎದ್ದು ನಿಂತು ಕೇಳುತ್ತಾನೆ. ಜಗಳವಾಗುತ್ತದೆ. ಮುಂದಿನ ವರ್ಷ ಅದೇ ಆಸಾಮಿ ಮತ್ತೆ ಕೊಡುತ್ತಾನೆ. ಕೇಳುವ ಹಕ್ಕಿದೆ ಅನ್ನುವುದಕ್ಕೇ ಕೊಡುತ್ತಾನೆ. ನಾವು ದಾನಿಗೆ ಸರ್ಟಿಫಿಕೇಟು ಕೊಟ್ಟೆವು, ಆ ಹಕ್ಕು ಕೊಡಲಿಲ್ಲ.

ಈಗ ನಿಮ್ಮ ಪಾಲಿನ ಬೈಗುಳ.

‘ನನ್ನ ದುಡ್ಡು ಪೂರ್ತಿ ಮಗುವಿಗೇ ಹೋಗ್ಬೇಕು, ಸಂಬಳ ಗಿಂಬಳಕ್ಕೆ ಹೋಗಬಾರದು’ ಅನ್ನುತ್ತೀರಿ. ಅಪ್ರೈಸಲ್ಲಿನಲ್ಲಿ ನಿಮ್ಮ ಹೈಕು ಎರಡು ಪರ್ಸೆಂಟ್ ಕಮ್ಮಿಯಾದರೆ ಲಿಂಕ್ಡ್‌ಇನ್ ತೆರೆಯುವವರು ನೀವು. ಆ ಹುಡುಗಿಯನ್ನು ಹುಡುಕಿಕೊಂಡು ಕಲಬುರಗಿಯ ಬಸ್ ಹತ್ತುವವನ ಸಂಬಳ ನಿಮ್ಮ ಲೆಕ್ಕದಲ್ಲಿ ‘ಓವರ್‌ಹೆಡ್’. ಅವನಿಲ್ಲದಿದ್ದರೆ ಮಗು ಕಳೆದುಹೋದದ್ದೂ ಯಾರಿಗೂ ತಿಳಿಯುವುದಿಲ್ಲ. ನಗುವ ಮಗುವಿನ ಫೋಟೋ ಬೇಕೆಂದು ಕೇಳಿದವರು ನೀವು; ನಾವು ಅದನ್ನೇ ಕಳಿಸಿದೆವು. ಶನಿವಾರ ಕಂಪನಿಯ ಟೀಶರ್ಟ್ ಹಾಕಿಕೊಂಡು ಬಂದು, ಹೋದ ವರ್ಷ ಇನ್ನೊಂದು ಕಂಪನಿ ಬಣ್ಣ ಬಳಿದಿದ್ದ ಶಾಲೆಯ ಗೋಡೆಗೇ ಮತ್ತೆ ಬಣ್ಣ ಬಳಿದು, ಸೆಲ್ಫಿ ತೆಗೆದುಕೊಂಡು ಹೋದಿರಿ. ಆ ಗೋಡೆಯ ಒಳಗೆ ಎಷ್ಟು ಮಕ್ಕಳು ಉಳಿದಿದ್ದಾರೆ ಅಂತ ಯಾರಾದರೂ ಎಣಿಸಿದಿರಾ?

ಹಾಗಂತ ಕೊಡುವುದನ್ನು ನಿಲ್ಲಿಸಬೇಡಿ. ಮಾರ್ಚಿನಲ್ಲಿ ಫೋನ್ ಬಂದಾಗ ಕಟ್ ಮಾಡದೆ ಒಂದು ಪ್ರಶ್ನೆ ಕೇಳಿ: ‘ಹೋದ ವರ್ಷ ನಿಮ್ಮಿಂದ ಏನು ಆಗಲಿಲ್ಲ?’ ಆ ಕಡೆಯವನು ತಡವರಿಸುತ್ತಾನೆ, ಪಾಪ, ಅವನಿಗೆ ಕೊಟ್ಟ ಸ್ಕ್ರಿಪ್ಟಿನಲ್ಲಿ ಇದು ಇರುವುದಿಲ್ಲ. ಸ್ವಲ್ಪ ಕಾಯಿರಿ. ನಿಜ ಹೇಳಿದರೆ ದುಡ್ಡು ಕೊಡಿ. ಜೂನ್ ತಿಂಗಳಲ್ಲಿ, ತೆರಿಗೆ ಗಿರಿಗೆ ಏನೂ ಇಲ್ಲದಾಗ, ನೀವೇ ಒಮ್ಮೆ ಫೋನ್ ಮಾಡಿ ಕೇಳಿ: ‘ಹುಡುಕಿದ್ರಾ?’