ಊರಿಲ್ಲದ ಕಾಡಿನಲ್ಲಿ ಶಿಕಾರಿ

ಕನ್ನಡದ ಸಾಹಿತ್ಯ ವಲಯದಲ್ಲಿ ವಿಡಿಯೊ ಗೇಮ್ ಎಂಬ ಮಾತು ಬಂದರೆ ಎರಡು ಬಗೆಯ ಪ್ರತಿಕ್ರಿಯೆ ಕೇಳಿಸುತ್ತದೆ. ಒಂದು, ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಆತಂಕ. ಇನ್ನೊಂದು, ಅದರ ಬಗ್ಗೆ ಬರೆಯುವಂಥದ್ದು ಏನಿದೆ ಎಂಬ ಅಸಡ್ಡೆ. ಆಡುವವರ ಕಡೆಗೆ ಹೋದರೆ ಅಲ್ಲಿ ಗ್ರಾಫಿಕ್ಸ್‌ಗೆ ಇಷ್ಟು, ಸೌಂಡ್‌ಗೆ ಇಷ್ಟು, ಒಟ್ಟು ಹತ್ತಕ್ಕೆ ಏಳು ಎಂದು ಅಂಕ ಹಾಕಿ ಮುಗಿಸುತ್ತಾರೆ. ಅದರಾಚೆ ಏನಾದರೂ ಕೇಳಿದರೆ ‘ಗೇಮ್ ಅಷ್ಟೇ ಮಗಾ, ಬಿಡು’ ಎನ್ನುತ್ತಾರೆ. ಈ ಇಬ್ಬರ ಜೊತೆಗೂ ನನಗೆ ತಕರಾರಿದೆ. ಒಂದು ಹಳೆಯ ಡೈನೊಸಾರ್ ಆಟವನ್ನು ಮುಂದಿಟ್ಟುಕೊಂಡು ಆ ತಕರಾರನ್ನು ಹೇಳುತ್ತೇನೆ.

ಆಟದ ಹೆಸರು ‘ಕಾರ್ನಿವೋರ್ಸ್’. ಉಕ್ರೇನಿನ ಕೀವ್ ನಗರದ ಆಕ್ಷನ್ ಫಾರ್ಮ್ಸ್ ಎಂಬ ಸಂಸ್ಥೆ 1998ರಲ್ಲಿ ತಯಾರಿಸಿದ್ದು. 1999ರಲ್ಲಿ ಎರಡನೆಯ ಭಾಗ ಬಂತು, ಮುಂದೆ ಮೊಬೈಲಿಗೂ ಇಳಿಯಿತು. ಬಂದೂಕು ಹಿಡಿದವನ ಕಣ್ಣಿನಿಂದಲೇ ಲೋಕವನ್ನು ತೋರಿಸುವ ‘ಫಸ್ಟ್ ಪರ್ಸನ್ ಶೂಟರ್’ ಜಾತಿಗೆ ಸೇರಿದ್ದು. ಅದರ ಹಿಂದಿನ ವರ್ಷವೇ ಬಂದಿದ್ದ ‘ಟ್ಯುರಾಕ್’ನಲ್ಲಿ ಡೈನೊಸಾರುಗಳು ಮಂಜಿನೊಳಗಿಂದ ನುಗ್ಗಿ ಬರುತ್ತವೆ, ನೀವು ಗುಂಡಿನ ಮಳೆ ಸುರಿಸುತ್ತೀರಿ. ಕಾರ್ನಿವೋರ್ಸ್ ಹಾಗಲ್ಲ. ಇಲ್ಲಿ ಹತ್ತು ನಿಮಿಷ ನಡೆದರೂ ಒಂದು ಗುಂಡು ಹಾರದೆ ಇರಬಹುದು.

ಅದರ ದೊಡ್ಡ ಗುಣ ಇದೇ. ಪರದೆಯ ಮೇಲೆ ದಿಕ್ಸೂಚಿ ಇದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತೋರಿಸುವ ಮುಳ್ಳು ಇದೆ. ಗಾಳಿ ನಿಮ್ಮ ಬೆನ್ನಿಂದ ಬೀಸಿದರೆ ವಾಸನೆ ಹಿಡಿದ ಪ್ರಾಣಿ ನೀವು ತಲುಪುವ ಮೊದಲೇ ಓಡಿಹೋಗಿರುತ್ತದೆ. ಓಡಿದರೆ ಸದ್ದಾಗುತ್ತದೆ, ಬಯಲಿಗೆ ಬಂದರೆ ಕಾಣಿಸಿಕೊಳ್ಳುತ್ತೀರಿ. ರೇಡಾರಿನಂಥ ಅನುಕೂಲ ಬೇಕೆಂದರೆ ಅಂಕ ಕಡಿತ. ಕೊಲ್ಲುವ ಬದಲು ಅರಿವಳಿಕೆ ಬಳಸಿದರೆ ಅಂಕ ಹೆಚ್ಚು. ಟಿರನೊಸಾರಸ್ ರೆಕ್ಸನ್ನು ಬೀಳಿಸಬೇಕಾದರೆ ಕಣ್ಣಿಗೇ ಗುರಿಯಿಡಬೇಕು, ಬೇರೆಲ್ಲಿ ಹೊಡೆದರೂ ಪ್ರಯೋಜನವಿಲ್ಲ. ಗುರಿ ತಪ್ಪಿದರೆ ನಿಮ್ಮ ಕಥೆ ಮುಗಿಯಿತು. ಆ ಕಾಲದ ಶೂಟರ್ ಆಟಗಳು ಬೆರಳಿಗೆ ವೇಗ ಕಲಿಸುತ್ತಿದ್ದಾಗ ಇದು ಕಿವಿಗೆ ತಾಳ್ಮೆ ಕಲಿಸಿತು.

ಕನ್ನಡದ ಓದುಗರಿಗೆ ಈ ತಾಳ್ಮೆ ಹೊಸದಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಬರೆದ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಅಲ್ಲಿಯೂ ಬಂದೂಕು ಹಿಡಿದವನ ಕಣ್ಣೇ ನಮ್ಮ ಕಣ್ಣು. ಅಲ್ಲಿಯೂ ಗುಂಡು ಹಾರುವುದು ಕ್ಷಣದ ಮಾತು. ಉಳಿದ ಪುಟಗಳೆಲ್ಲ ಹೆಜ್ಜೆ ನೋಡುವುದು, ಅಟ್ಟಣೆಯ ಮೇಲೆ ಕೂರುವುದು, ಕಾಡಿನ ಸದ್ದುಗಳಿಗೆ ಕಿವಿಗೊಡುವುದು. ಫಸ್ಟ್ ಪರ್ಸನ್ ಶೂಟರನ್ನು ಕಂಪ್ಯೂಟರಿನವರು ಕಂಡುಹಿಡಿಯುವ ಎಷ್ಟೋ ಮೊದಲೇ ನಾವು ಅದನ್ನು ಶಿಕಾರಿ ಸಾಹಿತ್ಯದಲ್ಲಿ ಓದಿ ಖುಷಿಪಟ್ಟಿದ್ದೇವೆ. ಅದು ಸಾಹಿತ್ಯ, ಇದು ಕಸ ಎನ್ನುವವರು ಯಾವ ಅಳತೆಗೋಲಿನಿಂದ ಹಾಗೆ ಹೇಳುತ್ತಾರೆ ಎಂದು ಮೊದಲು ತಿಳಿಸಬೇಕು.

ಆದರೆ ಒಂದೇ ತಕ್ಕಡಿಯಲ್ಲಿ ಇಟ್ಟ ಕೂಡಲೇ ಆಟದ ನಿಜವಾದ ದೋಷವೂ ಕಾಣುತ್ತದೆ. ಸಾಮಾನ್ಯವಾಗಿ ಇಂಥ ಆಟಗಳ ಮೇಲೆ ಬರುವ ಆಕ್ಷೇಪ ವಿಜ್ಞಾನದ್ದು. ಸ್ಟೆಗೊಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಟಿರನೊಸಾರಸ್ ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಸ್ಟೆಗೊಸಾರಸ್‌ಗಿಂತ ನಾವೇ ಟಿರನೊಸಾರಸ್‌ಗೆ ಕಾಲದಲ್ಲಿ ಹತ್ತಿರ. ಆಟದಲ್ಲಿ ಅವೆರಡೂ ಒಂದೇ ಕಾಡಿನಲ್ಲಿವೆ. ಇದು ನನಗೆ ದೊಡ್ಡ ತಪ್ಪು ಅನ್ನಿಸುವುದಿಲ್ಲ. ಕಥೆ ನಡೆಯುವುದು ಬೇರೊಂದು ಗ್ರಹದಲ್ಲಿ, ಕಲ್ಪನೆಗೆ ಅಷ್ಟು ಸ್ವಾತಂತ್ರ್ಯ ಇರಲಿ.

ದೊಡ್ಡ ತಪ್ಪು ಆ ಗ್ರಹದಲ್ಲೇ ಇದೆ. ಆಟದ ಕಥೆಯ ಪ್ರಕಾರ ಮನುಷ್ಯರು ನೆಲೆಸಲು ಯೋಗ್ಯವಲ್ಲದ ಒಂದು ಗ್ರಹ ಸಿಗುತ್ತದೆ, ಅಲ್ಲಿ ಡೈನೊಸಾರುಗಳಿವೆ, ಒಂದು ಕಂಪನಿ ದುಡ್ಡಿದ್ದವರನ್ನು ಶಿಕಾರಿಗೆ ಕರೆದೊಯ್ಯುತ್ತದೆ. ಆ ಕಾಡಿನಲ್ಲಿ ಊರಿಲ್ಲ, ದನ ಕಾಯುವವರಿಲ್ಲ, ಸೌದೆಗೆ ಹೋಗುವವರಿಲ್ಲ. ಪ್ರಾಣಿ ಬಿದ್ದ ಮೇಲೆ ಮೇಲಿನಿಂದ ಒಂದು ನೌಕೆ ಬಂದು ಎತ್ತಿಕೊಂಡು ಹೋಗುತ್ತದೆ. ಆಮೇಲೆ ಅದು ನಿಮ್ಮ ಟ್ರೋಫಿ ಕೋಣೆಯಲ್ಲಿ ನಿಂತಿರುತ್ತದೆ. ಅಂಕ ಹೆಚ್ಚಿದಂತೆ ಇನ್ನೂ ದೊಡ್ಡ ಪ್ರಾಣಿಯ ಪರವಾನಗಿ. ಕಾಡಿನೊಳಗೆ ಅಷ್ಟು ತಾಳ್ಮೆ ಕಲಿಸಿದ ಆಟ, ಕಾಡಿನಿಂದ ಹೊರಗೆ ಬಂದ ಕೂಡಲೇ ಅಂಗಡಿಯಾಗುತ್ತದೆ.

ಆಂಡರ್ಸನ್ನನೂ ಬಿಳಿಯರ ಆಳ್ವಿಕೆಯ ಕಾಲದ ಬೇಟೆಗಾರನೇ, ಅವನ ನೋಟದಲ್ಲಿ ಆ ಕಾಲದ ಗತ್ತು ಇದೆ. ಆದರೂ ಅವನ ನರಭಕ್ಷಕಕ್ಕೆ ಹೆಚ್ಚಾಗಿ ಒಂದು ಕಾರಣವಿರುತ್ತದೆ. ಯಾರದೋ ಅರೆಬರೆ ಗುರಿಯ ಹಳೆಯ ಗಾಯವೋ, ಬೇರಾವುದೋ ಊನವೋ ಅದನ್ನು ಊರಿನ ಕಡೆ ತಿರುಗಿಸಿರುತ್ತದೆ. ಗುಂಡು ಹಾರಿಸುವ ಮೊದಲು ಆ ಕಾರಣ ಓದುಗನಿಗೆ ಗೊತ್ತಿರುತ್ತದೆ, ಆದ್ದರಿಂದ ಪ್ರಾಣಿ ಸತ್ತಾಗ ಗೆದ್ದ ಖುಷಿಯ ಜೊತೆಗೇ ಏನೋ ಕಸಿವಿಸಿ ಉಳಿಯುತ್ತದೆ. ಕಾರ್ನಿವೋರ್ಸಿನ ಪ್ರಾಣಿಗೆ ಕಾರಣವೇ ಇಲ್ಲ. ಅದಕ್ಕೆ ಮರಿಗಳಿಲ್ಲ. ಪಕ್ಕದಲ್ಲೇ ಸಸ್ಯಾಹಾರಿ ಮೇಯುತ್ತಿದ್ದರೂ ಮಾಂಸಾಹಾರಿ ಅದನ್ನು ಮುಟ್ಟುವುದಿಲ್ಲ. ಅದರ ಹಸಿವೆಲ್ಲ ಆಟಗಾರನಿಗೆಂದೇ ಮೀಸಲು. ಓಡುವುದು ಇಲ್ಲವೇ ಮೇಲೆ ಬೀಳುವುದು, ಇವೆರಡನ್ನು ಬಿಟ್ಟರೆ ಅದರ ಬದುಕಿನಲ್ಲಿ ಬೇರೇನೂ ನಡೆಯುವುದಿಲ್ಲ.

‘1998ರ ಕಂಪ್ಯೂಟರಿನಿಂದ ಇನ್ನೇನು ಸಾಧ್ಯವಿತ್ತು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ವರ್ಷ ಬಂದ ‘ಟ್ರೆಸ್‌ಪಾಸರ್’ ಎಂಬ ಜುರಾಸಿಕ್ ಪಾರ್ಕ್ ಆಟದವರು ಡೈನೊಸಾರಿಗೆ ಹಸಿವು, ಭಯದಂಥ ಭಾವಗಳನ್ನು ಕೊಡಲು ಹೊರಟಿದ್ದರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ, ಆಟವೂ ಮಾರುಕಟ್ಟೆಯಲ್ಲಿ ಸೋತಿತು. ಆದರೆ ಪ್ರಾಣಿಯನ್ನು ಪ್ರಾಣಿಯಾಗಿ ಕಾಣಬೇಕೆಂಬ ಆಸೆ ಆಗಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಇವತ್ತಿನ ಕಂಪ್ಯೂಟರುಗಳ ಶಕ್ತಿಗೆ ಅಂದಿನವು ಹೋಲಿಕೆಯೇ ಅಲ್ಲ. ಆಸೆ ಎಲ್ಲಿ ಹೋಯಿತು?

ಇದನ್ನೆಲ್ಲ ಯಾಕೆ ಕೆದಕಬೇಕು ಎಂದರೆ, ನಮ್ಮದು ಊರಿಲ್ಲದ ಗ್ರಹವಲ್ಲ. ಬಿಟಿಎಂ ಲೇಔಟಿನಿಂದ ಹೊಸೂರು ರಸ್ತೆ ಹಿಡಿದು ಹೋದರೆ ಸಿಗುವ ಕೂಡ್ಲು ಗೇಟ್ ಬಳಿ 2023ರ ಅಕ್ಟೋಬರ್ ಕೊನೆಗೆ ಒಂದು ಚಿರತೆ ಕಾಣಿಸಿಕೊಂಡಿತು. ಸಿಸಿಟಿವಿಯಲ್ಲಿ ಅದು ನಡೆದಾಡುವ ದೃಶ್ಯ ಎಲ್ಲರ ಫೋನಿನಲ್ಲೂ ಓಡಾಡಿತು. ಅರಿವಳಿಕೆ ಕೊಟ್ಟು ಹಿಡಿಯುವ ಯತ್ನದಲ್ಲಿ ಅದು ಸಿಬ್ಬಂದಿಯ ಮೇಲೆ ಎರಗಿತು. ನವೆಂಬರ್ 1ರಂದು ಗುಂಡೇಟಿಗೆ ಸತ್ತಿತು. ಎದುರಿಗೆ ನಿಂತವರ ಪಾಡು ಏನೆಂದು ದೂರ ಕುಳಿತು ತೀರ್ಪು ಹೇಳುವ ಧೈರ್ಯ ನನಗಿಲ್ಲ. ನನ್ನನ್ನು ಕಾಡಿದ್ದು ನಾವು ನೋಡಿದ ರೀತಿ. ಸತ್ತ ಸುದ್ದಿ ಬಂದ ಮರುದಿನ ನನ್ನ ಸುತ್ತಲಿನವರ ಮಾತು ನಿಂತುಹೋಯಿತು. ಬನ್ನೇರುಘಟ್ಟದ ಕಾಡಿನಂಚಿಗೆ ಬಡಾವಣೆಗಳು ಹಬ್ಬಿರುವ ಊರಿನಲ್ಲಿ ಚಿರತೆ ಯಾಕೆ ಬಂತು ಎಂಬ ಪ್ರಶ್ನೆ, ನೌಕೆ ಬಂದು ಎತ್ತಿಕೊಂಡು ಹೋದ ಹಾಗೆ ಮಾಯವಾಯಿತು.

ಆಟ ಆಡಿದವರು ಪ್ರಾಣಿ ಕೊಲ್ಲುತ್ತಾರೆ ಎಂಬ ಸವಕಲು ವಾದ ನನ್ನದಲ್ಲ. ಆಡಿದವರೂ ಆಡದವರೂ ಈ ವಿಷಯದಲ್ಲಿ ಒಂದೇ. ಪ್ರಾಣಿ ಪರದೆಯ ಮೇಲೆ ಬಂದಾಗ ಶುರುವಾಗಿ ಬಿದ್ದಾಗ ಮುಗಿಯುವ ಕಥೆಗೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಒಳ್ಳೆಯ ಶಿಕಾರಿ ಕಥೆ ಆ ಅಭ್ಯಾಸವನ್ನು ಮುರಿಯುತ್ತದೆ. ಕಾರ್ನಿವೋರ್ಸ್ ಅದನ್ನು ಅರ್ಧ ಮುರಿದು, ಉಳಿದರ್ಧವನ್ನು ಟ್ರೋಫಿ ಕೋಣೆಯಲ್ಲಿ ಭದ್ರವಾಗಿ ಜೋಡಿಸಿಟ್ಟಿತು.

1980ರ ‘ಕರ್ವಾಲೊ’ದಲ್ಲಿ ಇಡೀ ತಂಡ ಡೈನೊಸಾರುಗಳ ಕಾಲವನ್ನು ನೆನಪಿಸುವ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಗುತ್ತದೆ. ಕೊನೆಗೆ ಓತಿ ಕಾಣಿಸುತ್ತದೆ, ಆದರೆ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಟ್ರೋಫಿಯಿಲ್ಲದ ಆ ಬೇಟೆಯನ್ನು ಕನ್ನಡದವರು ಇಷ್ಟು ವರ್ಷಗಳಿಂದ ಓದುತ್ತಲೇ ಇದ್ದಾರೆ. ಗೇಮ್ ಡಿಸೈನ್ ಮಾಡುವ ಹುಡುಗ ಹುಡುಗಿಯರು ಇದೇ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಅಂಥ ಬೇಟೆಯನ್ನು ಆಡಲು ಕೊಡಿ ಎಂದು ಅವರನ್ನು ಕೇಳಬೇಕಾದವರು ನಾವು. ಕೇಳಬೇಕಾದರೆ ಮೊದಲು ಇಂಥ ಆಟಗಳನ್ನು ಆಡಬೇಕು, ಆಮೇಲೆ ಅವುಗಳ ಬಗ್ಗೆ ಕನ್ನಡದಲ್ಲಿ ಜಗಳವಾಡಬೇಕು.